ಕೋಟೆ, ಪೇಟೆ ಮತ್ತು ಒಬ್ಬ ಕೊಂದೊಸ್ತರ

ಎರಡು ಸಂಚಿಕೆಗಳ ಹಿಂದೆ ಇದೇ ಪುಟದಲ್ಲಿ, 2025ರ ಜನವರಿಯಲ್ಲಿ ನಾನು ಶ್ರೀಲಂಕಾಕ್ಕೆ ಹೋಗಿ ಬಂದ ಸಂಗತಿಯನ್ನು ನಾಲ್ಕು ಸಾಲಿನಲ್ಲಿ ಬರೆದು ಬಿಟ್ಟಿದ್ದೆ. ಆಮೇಲೆ ಶುರುವಾಯಿತು ನೋಡಿ ಪತ್ರಗಳು. ಮೂವತ್ತೊಂದು ವರ್ಷ ಪುತ್ತೂರು ಡಿಪೋದಲ್ಲಿ ಟಿಕೆಟ್ ಹರಿದವನಿಗೆ ಪರದೇಶದ ಬಗ್ಗೆ ಇಷ್ಟು ಜನ ಪ್ರಶ್ನೆ ಕೇಳಿದ್ದು ಇದೇ ಮೊದಲು. ಈ ಸಲ ಬೇರೆ ಎಲ್ಲ ಪ್ರಶ್ನೆ ಬದಿಗಿಟ್ಟು ಬರೀ ಲಂಕೆಯದ್ದೇ ಉತ್ತರಿಸುತ್ತೇನೆ. ನಾನು ಹೋಗಿದ್ದು ಹತ್ತು ದಿನ. ಜೊತೆಗೆ ಬಂದವರು ಸುಳ್ಯ ಕಡೆಯ ಒಬ್ಬ ರಬ್ಬರ್ ಟ್ಯಾಪರ್. ಅವರ ಹೆಸರು ಬೇಡ ಎಂದಿದ್ದಾರೆ, ಟ್ಯಾಪರಣ್ಣ ಎನ್ನೋಣ. ಅವರು ಯಾಕೆ ಬಂದರು ಎನ್ನುವುದು ಮುಂದೆ ಬರುತ್ತದೆ.

*ಶ್ರೀಲಂಕಾದ ರಾಜಧಾನಿ ಕೊಲಂಬೊ ಎಂದು ಬರೆದು ನನ್ನ ಮಗ ಒಂದು ಅಂಕ ಕಳೆದುಕೊಂಡ. ಟೀಚರ್ ಹೇಳಿದ ಹೆಸರು ಬರೆಯಲು ಉತ್ತರಪತ್ರಿಕೆಯ ಒಂದು ಸಾಲು ಸಾಲದು. ಯಾವುದು ಸರಿ?* – ಸಾಗರದ ಓದುಗರೊಬ್ಬರು

ಟೀಚರ್ ಹೇಳಿದ್ದೇ ಸರಿ, ಆದರೆ ಅಂಕ ಕೊಡಬಹುದಿತ್ತು. ಕಾಗದದ ಮೇಲೆ ರಾಜಧಾನಿ ಶ್ರೀ ಜಯವರ್ಧನಪುರ ಕೋಟ್ಟೆ. ಪಾರ್ಲಿಮೆಂಟ್ ಇರುವುದು ಅಲ್ಲಿ, ದಿಯವನ್ನಾ ಎಂಬ ಕೆರೆಯ ನಡುವಿನ ನಡುಗಡ್ಡೆಯಲ್ಲಿ. ಜೆಫ್ರಿ ಬಾವಾ ಎನ್ನುವ ಅವರದೇ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ ಕಟ್ಟಡ, 1982ರಲ್ಲಿ ತೆರೆದದ್ದು. ದೂರದಿಂದ ನೋಡಿದರೆ ನಮ್ಮ ಕಡೆಯ ದೊಡ್ಡ ಗುತ್ತಿನ ಮನೆಯ ಮಾಡು ನೀರಿನ ಮೇಲೆ ತೇಲಿದ ಹಾಗಿದೆ. ಉಳಿದಂತೆ ಬಂದರು, ಬ್ಯಾಂಕು, ದೊಡ್ಡ ಕೋರ್ಟು, ವ್ಯಾಪಾರ ಎಲ್ಲ ಕೊಲಂಬೊದಲ್ಲೇ. ಎರಡು ಊರಿನ ಮಧ್ಯೆ ಗದ್ದೆಯೋ ಕಾಡೋ ಬರುತ್ತದೆ ಎಂದು ಕಾಯುತ್ತಾ ಕೂತಿದ್ದೆ. ಎಂಥದೂ ಬರಲಿಲ್ಲ. ಯಶವಂತಪುರ ಮುಗಿದು ಮಲ್ಲೇಶ್ವರ ಶುರುವಾದ ಹಾಗೆ, ಗೊತ್ತೇ ಆಗುವುದಿಲ್ಲ.

ಕೋಟ್ಟೆ ಎಂದರೆ ನಮ್ಮ ಕೋಟೆಯೇ. ಹದಿನೈದನೇ ಶತಮಾನದಲ್ಲಿ ಅಲ್ಲೊಂದು ರಾಜ್ಯವೇ ಇತ್ತು. ತಮಾಷೆ ಏನೆಂದರೆ ಕೊಲಂಬೊದ ಮುಖ್ಯ ರೈಲು ನಿಲ್ದಾಣದ ಹೆಸರೂ ಫೋರ್ಟ್, ಸಿಂಹಳದಲ್ಲಿ ಕೊಟುವ. ಆ ಕೋಟೆಯ ಗೋಡೆಗಳನ್ನು ಬ್ರಿಟಿಷರೇ ಕೆಡವಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಉಳಿದಿದೆ. ಅದರ ಪಕ್ಕದ ಸಂತೆಬೀದಿಗೆ ಇಂಗ್ಲಿಷಿನಲ್ಲಿ ಪೆಟ್ಟಾ. ನಮ್ಮ ಪೇಟೆ! ಬೆಂಗಳೂರಿನಲ್ಲಿ ಕೋಟೆ, ಪೇಟೆ ಎಂದು ಹೇಗೆ ಎರಡು ಭಾಗ ಇತ್ತೋ ಹಾಗೆ. ಸಿಂಹಳದವರು ಮಾತ್ರ ಪೇಟೆಗೆ ಪಿಟ ಕೊಟುವ, ಅಂದರೆ ಕೋಟೆಯ ಹೊರಗು ಎನ್ನುತ್ತಾರೆ. ಚಿನ್ನದಂಗಡಿಯವರದ್ದೊಂದು ಬೀದಿ, ಬಟ್ಟೆಯವರದ್ದೊಂದು, ಒಣಮೀನು ಈರುಳ್ಳಿಯವರದ್ದೊಂದು. ನಡುವೆ ಕೆಂಪು–ಬಿಳಿ ಪಟ್ಟೆಯ ಜಾಮಿ ಉಲ್ ಅಲ್ಫಾರ್ ಮಸೀದಿ, ಚಿನ್ನದ ಬೀದಿಯಲ್ಲಿ ತಮಿಳರ ಕೋವಿಲುಗಳು. ಚಿಕ್ಕಪೇಟೆಯಲ್ಲಿ ಒಂದು ದಿನ ಓಡಾಡಿದವರಿಗೆ ಅಲ್ಲಿ ದಾರಿ ತಪ್ಪುವುದು ಕಷ್ಟ. ತಪ್ಪಿದರೂ ಬೇಸರವಾಗುವುದಿಲ್ಲ.

*ದೇಶ ಎಷ್ಟು ದೊಡ್ಡದು? ಬೇರೆ ಯಾವ ಊರುಗಳು ಮುಖ್ಯ?* – ಪಿಯುಸಿ ವಿದ್ಯಾರ್ಥಿನಿ, ಕುಂದಾಪುರ

65,610 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಮೂರನೇ ಒಂದು ಭಾಗ ಎಂದು ನೆನಪಿಟ್ಟುಕೊಳ್ಳಿ. 2024ರ ಜನಗಣತಿಯಲ್ಲಿ ಜನಸಂಖ್ಯೆ ಸುಮಾರು 2 ಕೋಟಿ 17 ಲಕ್ಷ. ಒಂಬತ್ತು ಪ್ರಾಂತ್ಯ, ಇಪ್ಪತ್ತೈದು ಜಿಲ್ಲೆ.

ಕ್ಯಾಂಡಿ ಬೆಟ್ಟದೂರು, ಕೊನೆಯ ರಾಜನ ರಾಜಧಾನಿ. 1815ರಲ್ಲಿ ಬ್ರಿಟಿಷರು ಆ ರಾಜನನ್ನು ಹಿಡಿದು ನಮ್ಮ ಪಕ್ಕದ ವೆಲ್ಲೂರು ಕೋಟೆಗೆ ತಂದಿಟ್ಟರು. ಆತ ಸತ್ತದ್ದೂ ಅಲ್ಲೇ, 1832ರಲ್ಲಿ. ಅಲ್ಲಿಯ ಜನ ಕ್ಯಾಂಡಿ ಎನ್ನುವುದೇ ಇಲ್ಲ, ‘ನುವರ’ ಎನ್ನುತ್ತಾರೆ. ನುವರ ಎಂದರೆ ನಗರ. ಬಸ್ಸಿನ ಬಾಗಿಲಲ್ಲಿ ನಿಂತವನು ‘ನುವರ ನುವರ ನುವರ’ ಎಂದು ಕೂಗುವಾಗ ನಾನು ಕ್ಯಾಂಡಿ ಬಸ್ ಎಲ್ಲಿ ಎಂದು ಅವನನ್ನೇ ಕೇಳಿದೆ. ಅವನು ನನ್ನನ್ನು ನೋಡಿದ ರೀತಿ ಚೆನ್ನಾಗಿ ಪರಿಚಯವಿತ್ತು. ಮೂವತ್ತೊಂದು ವರ್ಷ ನಾನೂ ಹಾಗೆಯೇ ನೋಡಿದ್ದೇನೆ.

ದಕ್ಷಿಣದ ತೀರದಲ್ಲಿ ಗಾಲ್, ಡಚ್ಚರ ಕೋಟೆಯೊಳಗೆ ಇವತ್ತಿಗೂ ಮನೆ, ಶಾಲೆ, ಕೋರ್ಟು ನಡೆಯುತ್ತಿರುವ ಊರು. ಉತ್ತರದ ತುದಿಯಲ್ಲಿ ಜಾಫ್ನಾ, ತಮಿಳರಿಗೆ ಯಾಳ್ಪಾಣಂ. ಅಲ್ಲಿ ಹೋದರೆ ಸಾರ್ವಜನಿಕ ಗ್ರಂಥಾಲಯ ನೋಡದೆ ಬರಬೇಡಿ. 1981ರ ಜೂನ್ 1ರ ಹೊತ್ತಿಗೆ ಅದಕ್ಕೆ ಬೆಂಕಿ ಬಿತ್ತು. ಸುಮಾರು 97 ಸಾವಿರ ಪುಸ್ತಕಗಳು, ಓಲೆಗರಿಗಳ ಸಮೇತ, ಬೂದಿಯಾದವು. ಈಗಿನದ್ದು ಮತ್ತೆ ಕಟ್ಟಿದ ಬಿಳಿಯ ಕಟ್ಟಡ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆವು. ಎಳೆಯ ಹುಡುಗಿಯರು ಪರೀಕ್ಷೆಗೆ ಓದುತ್ತಿದ್ದರು. ಟ್ಯಾಪರಣ್ಣ ತಮಿಳು ಪತ್ರಿಕೆ ಹಿಡಿದು ಅರ್ಧ ಗಂಟೆ ಕೂತರು. ನಾನು ಅವರನ್ನು ಎಬ್ಬಿಸಲಿಲ್ಲ.

*ನೀವು ಕಂಡಕ್ಟರ್ ಆಗಿದ್ದವರು. ಅಲ್ಲಿಯ ಬಸ್ಸಿನ ವ್ಯವಸ್ಥೆ ಹೇಗಿದೆ? ನಮಗಿಂತ ಚೆನ್ನಾಗಿದೆಯೇ?* – ಹಾಸನ ವಿಭಾಗದ ಚಾಲಕರೊಬ್ಬರು

ಈ ಪ್ರಶ್ನೆಗೆ ಕಾಯುತ್ತಿದ್ದೆ ಮಾರಾಯ್ರೆ.

1958ರ ಜನವರಿ 1ರಂದು ಅವರು ಖಾಸಗಿ ಬಸ್ ಕಂಪನಿಗಳನ್ನೆಲ್ಲ ರಾಷ್ಟ್ರೀಕರಣ ಮಾಡಿ ಸಿಲೋನ್ ಸಾರಿಗೆ ಮಂಡಳಿ ಎಂದು ಒಂದೇ ಸಂಸ್ಥೆ ಮಾಡಿದರು. ಆಮೇಲೆ ಒಡೆದರು, ಖಾಸಗಿಯವರನ್ನು ಮತ್ತೆ ಬಿಟ್ಟರು, ಉಳಿದದ್ದನ್ನು ಮತ್ತೆ ಜೋಡಿಸಿದರು. ಈಗ ಶ್ರೀಲಂಕಾ ಸಾರಿಗೆ ಮಂಡಳಿಯ ಕೆಂಪು ಬಸ್ಸು, ಅದರ ಹಿಂದೆ ಮುಂದೆ ಖಾಸಗಿ ಬಸ್ಸು. ಮಂಗಳೂರು–ಉಡುಪಿ ರಸ್ತೆಯಲ್ಲಿ ಬೆಳೆದವರಿಗೆ ಖಾಸಗಿ ಬಸ್ಸಿನ ಪೈಪೋಟಿ ಏನೆಂದು ನಾನು ಹೇಳಬೇಕಾಗಿಲ್ಲ. ಅಲ್ಲಿ ಅದರ ಜೊತೆಗೆ ಒಳಗೆ ಹಾಡು, ಬಣ್ಣದ ದೀಪ, ಡ್ರೈವರ್ ತಲೆಯ ಮೇಲೆ ಬುದ್ಧ, ಗಣಪತಿ, ಕೆಲವೊಮ್ಮೆ ಇಬ್ಬರೂ.

ಎಂಜಿನ್ನಿನ ಸದ್ದು ಕೇಳಿದ ಕೂಡಲೇ ಮನೆಗೆ ಬಂದ ಹಾಗಾಯಿತು. ಅಶೋಕ್ ಲೇಲ್ಯಾಂಡ್! 1982ರಿಂದ ಅವರದೊಂದು ಲಂಕಾ ಕಂಪನಿಯೇ ಇದೆ. ಗೇರ್ ಬದಲಿಸುವಾಗಿನ ಆ ನಿಟ್ಟುಸಿರು ಇದೆಯಲ್ಲ, ಅದಕ್ಕೆ ಯಾವ ದೇಶದ ಭಾಷೆಯೂ ಬೇಡ.

ನನಗೆ ನಿಜವಾಗಿ ಹೊಟ್ಟೆಕಿಚ್ಚಾದದ್ದು ಅವರ ಮಾರ್ಗ ಸಂಖ್ಯೆ ನೋಡಿ. ನಮ್ಮಲ್ಲಿ ಬೆಂಗಳೂರು ನಗರದ ಬಸ್ಸಿಗೆ ನಂಬರ್ ಉಂಟು, ಹೊರಗೂರಿನ ಬಸ್ಸಿಗೆ ಬೋರ್ಡು ಓದಬೇಕು. ಕನ್ನಡ ಬಾರದವನ ಪಾಡು ನಾನು ಸುಬ್ರಹ್ಮಣ್ಯ ಸ್ಟ್ಯಾಂಡಿನಲ್ಲಿ ಎಷ್ಟೋ ನೋಡಿದ್ದೇನೆ. ಅಲ್ಲಿ ಇಡೀ ದೇಶದ ಮಾರ್ಗಗಳಿಗೆ ನಂಬರ್. ಕೊಲಂಬೊದಿಂದ ಕ್ಯಾಂಡಿಗೆ 1. ತೀರದುದ್ದಕ್ಕೆ ಗಾಲ್, ಮಾತರಕ್ಕೆ 2. ಜಾಫ್ನಾಕ್ಕೆ 87. ಬಸ್ಸು ಸರಕಾರದ್ದಿರಲಿ ಖಾಸಗಿಯದ್ದಿರಲಿ, ದಾರಿ ಒಂದೇ ಆದರೆ ನಂಬರೂ ಒಂದೇ. ಸಿಂಹಳದ ಒಂದಕ್ಷರ ಓದಲು ಬಾರದ ನಾವಿಬ್ಬರು ಹತ್ತು ದಿನದಲ್ಲಿ ಒಮ್ಮೆಯೂ ತಪ್ಪು ಬಸ್ ಹತ್ತಲಿಲ್ಲ. ಟ್ಯಾಪರಣ್ಣ ತಮಿಳು ಬೋರ್ಡು ಓದಬಲ್ಲರು, ಆದರೂ ನಂಬರೇ ನೋಡಿದರು.

ಮುಂದಿನ ಸೀಟು ಬೌದ್ಧ ಭಿಕ್ಷುಗಳಿಗೆ ಮೀಸಲು. ಖಾಲಿ ಎಂದು ಕೂತರೆ, ಕಾವಿಬಟ್ಟೆ ಹತ್ತಿದ ಕೂಡಲೇ ಏಳಬೇಕು. ಯಾರೂ ಬೈಯುವುದಿಲ್ಲ, ಇಡೀ ಬಸ್ಸು ನಿಮ್ಮನ್ನೇ ನೋಡುತ್ತದೆ.

ಇನ್ನು ಕಂಡಕ್ಟರ್. ಸಿಂಹಳದಲ್ಲಿ ಅವನಿಗೆ ‘ಕೊಂದೊಸ್ತರ’. ಈ ಶಬ್ದ ಕೇಳಿದ ದಿನ ನಾನು ನಕ್ಕು ನಕ್ಕು ಸುಸ್ತಾದೆ. ಗಂಡಸರೆಲ್ಲ ಬಾಗಿಲಲ್ಲೇ ಜೋತುಬಿದ್ದಾಗ ಕೊಂದೊಸ್ತರ ಕೂಗುವುದು ‘ಇಸ್ಸರಹಟ ಯನ್ನ, ಇಸ್ಸರಹಟ ಯನ್ನ’. ಅರ್ಥ ಕೇಳಲಿಲ್ಲ. ಕೇಳಬೇಕೇ? ‘ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಉಂಟು.’ ನಾನೂ ಗಂಟಲು ಹರಿದುಕೊಂಡದ್ದು ಅದಕ್ಕೇ. ಅಲ್ಲಿಯೂ ಯಾರೂ ಮುಂದೆ ಹೋಗುವುದಿಲ್ಲ.

ನಮಗಿಂತ ಚೆನ್ನಾಗಿದೆಯೇ ಎಂದರೆ, ಹಳ್ಳಿಹಳ್ಳಿಗೂ ಬಸ್ ಇದೆ, ದರ ಕಡಿಮೆ, ಬಸ್ಸುಗಳು ಹಳತು. ಊರೊಳಗಿನ ಬಸ್‌ಸ್ಟ್ಯಾಂಡಿನ ಶೌಚಾಲಯದ ವಿಷಯದಲ್ಲಿ ಎರಡೂ ದೇಶ ಸಮ ಎಂದಷ್ಟೇ ಬರೆಯುತ್ತೇನೆ.

*ತಾಯಿಗೆ ಎಪ್ಪತ್ತೆರಡು. ಬೆಟ್ಟದ ರೈಲಿನಲ್ಲಿ ಕರೆದುಕೊಂಡು ಹೋಗಬಹುದೇ? ಆ ರೈಲು ನಿಜಕ್ಕೂ ಫೋಟೋದಲ್ಲಿ ಕಾಣುವಷ್ಟು ಚೆಂದವೇ?* – ಶಿರಸಿಯ ಓದುಗರು

ಕರೆದುಕೊಂಡು ಹೋಗಿ. ಆದರೆ ಕಾಯ್ದಿರಿಸಿದ ಸೀಟಿನಲ್ಲಿ ಮಾತ್ರ. ಬಾಗಿಲಲ್ಲಿ ಜೋತಾಡುವ ಫೋಟೋದ ಹುಚ್ಚಿನಿಂದ ಸಾಮಾನ್ಯ ಬೋಗಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಲಂಕೆಯ ಮೊದಲ ರೈಲು ಓಡಿದ್ದು 1864ರ ಡಿಸೆಂಬರ್ 27ರಂದು, ಕೊಲಂಬೊದಿಂದ ಅಂಬೇಪುಸ್ಸಕ್ಕೆ, 54 ಕಿಲೋಮೀಟರ್. 1867ಕ್ಕೆ ಕ್ಯಾಂಡಿ ಮುಟ್ಟಿತು. ಬೆಟ್ಟದಿಂದ ಕಾಫಿ ಇಳಿಸಬೇಕಿತ್ತು ಅವರಿಗೆ. ಹೌದು, ಮೊದಲು ಅಲ್ಲಿ ಕಾಫಿಯೇ. ಎಲೆರೋಗ ಬಂದು ಕಾಫಿ ನೆಲಕಚ್ಚಿದ ಮೇಲೆ ಚಹಾ ಬಂತು. ಚಿಕ್ಕಮಗಳೂರಿನವರು ಇದನ್ನು ಎರಡು ಸಲ ಓದಿಕೊಳ್ಳಿ. ಹಳಿ ನಮ್ಮದೇ ಅಗಲದ್ದು, ಐದೂವರೆ ಅಡಿ. ಈ ಮಾರ್ಗದ ಕೊನೆಯ ಊರು ಬದುಳ್ಳಕ್ಕೆ ಹಳಿ ಮುಟ್ಟಿದ್ದು 1924ರಲ್ಲಿ. ಕೊಲಂಬೊದಿಂದ ಅಲ್ಲಿಗೆ ಸುಮಾರು 290 ಕಿಲೋಮೀಟರ್, ಒಂಬತ್ತು ಹತ್ತು ಗಂಟೆಯ ದಾರಿ. ಪಟ್ಟಿಪೊಳ ನಿಲ್ದಾಣ ಸುಮಾರು 1,890 ಮೀಟರ್ ಎತ್ತರದಲ್ಲಿದೆ, ಹೆಚ್ಚೂಕಡಿಮೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿ. ಅಲ್ಲಿಗೆ ಬ್ರಾಡ್‌ಗೇಜ್ ಹತ್ತಿಸಿದ್ದಾರೆ!

ರೈಲುಗಳ ಹೆಸರು ಉಡರಟ ಮೆಣಿಕೆ, ಪೊಡಿ ಮೆಣಿಕೆ. ಬೆಟ್ಟನಾಡಿನ ಹುಡುಗಿ, ಪುಟ್ಟ ಹುಡುಗಿ. ರೈಲಿಗೆ ಅವರು ಹೇಳುವುದು ‘ದುಂರಿಯ’. ದುಂ ಎಂದರೆ ಹೊಗೆ, ರಿಯ ಎಂದರೆ ಗಾಡಿ. ನಮ್ಮ ಅಜ್ಜಿ ಹೇಳುತ್ತಿದ್ದ ಹೊಗೆಬಂಡಿ! ನಾವು ಆ ಶಬ್ದವನ್ನು ಕೈಬಿಟ್ಟೆವು, ಅವರು ನಿಲ್ದಾಣದ ಬೋರ್ಡಿನ ಮೇಲೆ ಇಟ್ಟುಕೊಂಡಿದ್ದಾರೆ.

‘ಎಲ್ಲ’ ಎಂಬ ಊರು ಮತ್ತು ದೆಮೊದರ ನಡುವೆ ಒಂಬತ್ತು ಕಮಾನಿನ ಸೇತುವೆ. 1921ರದ್ದು, ಕಲ್ಲು ಇಟ್ಟಿಗೆ ಸಿಮೆಂಟಿನಲ್ಲೇ ಕಟ್ಟಿದ್ದು, ಉಕ್ಕು ಹಾಕಿಲ್ಲ. ಎಲ್ಲರೂ ಅದರ ಫೋಟೋ ತೆಗೆಯುತ್ತಾರೆ. ನನಗೆ ಹೆಚ್ಚು ಹಿಡಿಸಿದ್ದು ದೆಮೊದರ ನಿಲ್ದಾಣ. ರೈಲು ನಿಲ್ದಾಣ ದಾಟಿ ಬೆಟ್ಟವನ್ನು ಒಂದು ಸುತ್ತು ಹಾಕಿ, ಸುರಂಗದೊಳಗೆ ನುಗ್ಗಿ, ಅದೇ ನಿಲ್ದಾಣದ ಅಡಿಯಿಂದ ಹೊರಗೆ ಬರುತ್ತದೆ. ಹಾವು ತನ್ನ ಬಾಲದ ಕೆಳಗೆ ನುಸುಳಿದ ಹಾಗೆ. ಇಳಿಜಾರು ಹೆಚ್ಚಾಗದಂತೆ ಎತ್ತರ ಕಳೆಯಲು ಮಾಡಿದ ಉಪಾಯ.

ಇನ್ನೊಂದು: ಆ ಘಾಟಿಯಲ್ಲಿ ಒಂಟಿ ಹಳಿ. ಎದುರಿನಿಂದ ಇನ್ನೊಂದು ರೈಲು ಬರಬಾರದಲ್ಲ, ಅದಕ್ಕೆ ಸ್ಟೇಷನ್ ಮಾಸ್ತರು ದೊಡ್ಡ ಬಳೆಗೆ ಕಟ್ಟಿದ ಚೀಲದಲ್ಲಿಟ್ಟ ಲೋಹದ ಬಿಲ್ಲೆಯನ್ನು ಡ್ರೈವರನ ಕೈಗೆ ಕೊಡುತ್ತಾರೆ. ಬಿಲ್ಲೆ ಕೈಯಲ್ಲಿದ್ದವನಿಗಷ್ಟೇ ಮುಂದಿನ ನಿಲ್ದಾಣದವರೆಗೆ ಹಳಿ ಸ್ವಂತ. ನಾವು ಹೋದಾಗ ಒಂದು ಚಿಕ್ಕ ನಿಲ್ದಾಣದಲ್ಲಿ ಟಿಕೆಟ್ಟೂ ಹಳೆಯ ರಟ್ಟಿನದ್ದೇ, ಯಂತ್ರದಲ್ಲಿ ‘ಟಕ್’ ಎಂದು ತಾರೀಕು ಹೊಡೆದು ಕೊಟ್ಟರು. ಅದನ್ನು ಹಿಂತಿರುಗಿಸದೆ ತಂದಿದ್ದೇನೆ. ನಿವೃತ್ತ ಕಂಡಕ್ಟರ್ ಮಾಡಿದ ಏಕೈಕ ಟಿಕೆಟ್ ಅಪರಾಧ.

ಮಳೆಗಾಲದಲ್ಲಿ ಗುಡ್ಡ ಜರಿದು ಮಾರ್ಗ ಬಂದ್ ಆಗುವುದುಂಟು, ನಮ್ಮ ಸಕಲೇಶಪುರ–ಸುಬ್ರಹ್ಮಣ್ಯದ ಹಾಗೆಯೇ. ಓಡುತ್ತಿದೆಯೇ ಎಂದು ವಿಚಾರಿಸಿಯೇ ಹೊರಡಿ. ತಾಯಿಗೆ ಒಂದು ಶಾಲು ಇರಲಿ.

ತೀರದ ಮಾರ್ಗವೂ ಚೆಂದ, ಸಮುದ್ರ ಕಿಟಕಿಯ ಕೆಳಗೇ. ಆದರೆ ಹಿಕ್ಕಡುವ ಹತ್ತಿರ ಪೆರಲಿಯ ಎಂಬಲ್ಲಿ 2004ರ ಡಿಸೆಂಬರ್ 26ರ ಸುನಾಮಿ ಒಂದು ಇಡೀ ರೈಲನ್ನು ಎತ್ತಿ ಒಗೆಯಿತು. ಸಾವಿರಕ್ಕೂ ಮಿಕ್ಕಿ ಜನ ಹೋದರು. ಮೊದಲ ಅಲೆಗೆ ಹೆದರಿದ ಊರವರು ನಿಂತ ರೈಲನ್ನೇ ಆಸರೆ ಎಂದು ಹತ್ತಿದ್ದರು. ಸ್ಮಾರಕ ಇದೆ, ಹೋಗಿ ನಿಂತು ಬಂದೆವು.

*ಹಣ, ಸಮಯ, ಪ್ಲಗ್, ಊಟ – ಚುಟುಕಾಗಿ ಹೇಳಿ.* – ಮೈಸೂರು

ಅವರದೂ ರೂಪಾಯಿಯೇ, ನಾವು ಹೋದಾಗ ನಮ್ಮ 1ಕ್ಕೆ ಅವರ ಮೂರೂವರೆಯ ಆಸುಪಾಸು. ಗಡಿಯಾರ ತಿರುಗಿಸಬೇಕಾಗಿಲ್ಲ, ಸಮಯ ಒಂದೇ. 1996ರಲ್ಲಿ ಕರೆಂಟು ಉಳಿಸಲು ಗಡಿಯಾರ ಮುಂದೆ ಮಾಡಿದ್ದರು, 2006ರಲ್ಲಿ ವಾಪಸ್ ತಂದರು. ಪ್ಲಗ್ ಮೂರು ಚೌಕ ಕಡ್ಡಿಯದ್ದು, ಅಡಾಪ್ಟರ್ ಇಟ್ಟುಕೊಳ್ಳಿ. ಊಟಕ್ಕೆ ಅನ್ನ, ಅದಕ್ಕೆ ಅವರು ‘ಬತ್’ ಎನ್ನುತ್ತಾರೆ, ನಮ್ಮ ಬಿಸಿಬೇಳೆ ಬಾತಿನ ಬಾತ್. ಸಸ್ಯಾಹಾರಿಗಳು ‘ಸೈವ’ ಎಂಬ ಬೋರ್ಡು ಹುಡುಕಿ. ಪರಂಗಿ ಸಾರಿನಂತೆ ಕಂಡದ್ದರಲ್ಲೂ ಒಣಮೀನಿನ ಪುಡಿ ಇರಬಹುದು, ಕೇಳಿಯೇ ಬಡಿಸಿಕೊಳ್ಳಿ.

ಪ್ರತಿ ಹುಣ್ಣಿಮೆಯೂ ಸರಕಾರಿ ರಜೆ, ಪೋಯ ಎನ್ನುತ್ತಾರೆ. ಆ ದಿನ ಮದ್ಯ ಮಾರುವಂತಿಲ್ಲ. ಜನವರಿ 13 ಪೋಯ, ಮರುದಿನ ತೈ ಪೊಂಗಲ್ ಎಂದು ಇನ್ನೊಂದು ರಜೆ. ನಾವು ಆಫೀಸ್ ಕೆಲಸ ಇಟ್ಟುಕೊಂಡು ಹೋದದ್ದು ಸರಿಯಾಗಿ ಆ ಎರಡು ದಿನ. ಕ್ಯಾಲೆಂಡರ್ ನೋಡದೆ ಹೊರಟವನು ನಾನೇ, ಬೈಸಿಕೊಂಡವನೂ ನಾನೇ.

*‘ಸಿಲೋನ್ ರೇಡಿಯೋ’ ಈಗಲೂ ಇದೆಯೇ? ನಮ್ಮ ಬಾಲ್ಯವೇ ಅದು.* – ಧಾರವಾಡದ ಹಿರಿಯರು

ಇದೆ, ಹೆಸರು ಬದಲಾಗಿದೆ. 1967ರಲ್ಲಿ ಸಿಲೋನ್ ಪ್ರಸಾರ ನಿಗಮ ಆಯಿತು, 1972ರಿಂದ ಶ್ರೀಲಂಕಾ ಪ್ರಸಾರ ನಿಗಮ. ಅದರ ಹುಟ್ಟಿನ ಕಥೆ ಕೇಳಿ: ಎಡ್ವರ್ಡ್ ಹಾರ್ಪರ್ ಎಂಬ ತಂತಿ ಇಲಾಖೆಯ ಎಂಜಿನಿಯರ್, ಸೆರೆಸಿಕ್ಕ ಜರ್ಮನ್ ಜಲಾಂತರ್ಗಾಮಿಯ ರೇಡಿಯೋ ಸಾಮಾನು ಬಳಸಿ ಟ್ರಾನ್ಸ್‌ಮಿಟರ್ ಜೋಡಿಸಿ ಪ್ರಯೋಗ ಮಾಡಿದ. ಕ್ರಮವಾದ ಪ್ರಸಾರ 1925ರ ಡಿಸೆಂಬರ್ 16ರಂದು ಶುರು. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆಂದು ಮಿತ್ರಪಡೆಗಳು ಕೊಲಂಬೊದಲ್ಲಿ ಪ್ರಬಲ ಕೇಂದ್ರ ಕಟ್ಟಿದವು, ಯುದ್ಧ ಮುಗಿದ ಮೇಲೆ ಅದು ಇವರ ಪಾಲಾಯಿತು.

ಉಳಿದ ಅದೃಷ್ಟವನ್ನು ನಾವೇ ಕೊಟ್ಟೆವು. 1952ರಲ್ಲಿ ನಮ್ಮ ಮಂತ್ರಿ ಕೇಸ್ಕರ್ ಆಕಾಶವಾಣಿಯಲ್ಲಿ ಸಿನಿಮಾ ಹಾಡು ಬೇಡ ಎಂದು ಹಟ ಹಿಡಿದರು. ಜನ ಮುಳ್ಳು ತಿರುಗಿಸಿ ಸಿಲೋನ್ ಹಿಡಿದರು. ಅದೇ ವರ್ಷ ಅಮೀನ್ ಸಯಾನಿಯವರ ಹಿಂದಿ ಸಿನಿಮಾ ಹಾಡಿನ ಕಾರ್ಯಕ್ರಮ ಬಿನಾಕಾ ಗೀತಮಾಲಾ ಅಲ್ಲಿ ಆರಂಭವಾಯಿತು. ಮುಂಬಯಿಯಲ್ಲಿ ಧ್ವನಿಮುದ್ರಿಸಿ ವಿಮಾನದಲ್ಲಿ ಕೊಲಂಬೊಗೆ ಕಳಿಸುವುದು, ಅಲ್ಲಿಂದ ಅದು ಶಾರ್ಟ್‌ವೇವ್ ಮೇಲೆ ನಮ್ಮ ಮನೆಗೆ ಬರುವುದು. ಆಕಾಶವಾಣಿ ಎಚ್ಚೆತ್ತು ವಿವಿಧ ಭಾರತಿ ಶುರು ಮಾಡಿದ್ದು 1957ರಲ್ಲಿ. ಸಿಲೋನಿನಿಂದ ಕನ್ನಡ ಹಾಡುಗಳೂ ಕೇಳಿಬರುತ್ತಿದ್ದವು. ನಮ್ಮೂರಲ್ಲಿ ರೇಡಿಯೋ ಇದ್ದದ್ದು ಒಂದೇ ಮನೆಯಲ್ಲಿ. ಅಡಿಕೆ ಸುಲಿಯುವ ನೆಪದಲ್ಲಿ ನಾವು ಏಳೆಂಟು ಹುಡುಗರು ಅಲ್ಲಿ ಸೇರುತ್ತಿದ್ದೆವು. ಹಾಡು ಅಲೆಯ ಹಾಗೆ ಬಂದು ಹೋಗುತ್ತಿತ್ತು, ಮಳೆ ಬಂದರೆ ಬರೀ ಗೊರಗೊರ. ಪಲ್ಲವಿ ಸಿಕ್ಕಿದರೆ ಚರಣ ಇಲ್ಲ.

ಸಿಂಹಳದಲ್ಲಿ ರೇಡಿಯೋಗೆ ‘ಗುವನ್ ವಿದುಲಿಯ’, ಗಗನದ ವಿದ್ಯುತ್ತು. ಟಿವಿಗೆ ‘ರೂಪವಾಹಿನಿ’. ಸರಕಾರಿ ಚಾನೆಲ್ಲಿನ ಹೆಸರೂ ಅದೇ, ಜಪಾನಿನ ನೆರವಿನಿಂದ 1982ರ ಫೆಬ್ರವರಿ 15ಕ್ಕೆ ಶುರುವಾದದ್ದು. ಅದಕ್ಕೂ ಮೊದಲು 1979ರಲ್ಲೇ ಐಟಿಎನ್ ಎಂಬ ಚಾನೆಲ್ ಬಂದಿತ್ತು. ನಮ್ಮ ದೂರದರ್ಶನ, ಅವರ ರೂಪವಾಹಿನಿ. ಎರಡನ್ನೂ ತೂಗಿದರೆ ನನ್ನ ಮತ ಅವರದಕ್ಕೆ.

*ಪತ್ರಿಕೆಗಳು ಯಾವ ಭಾಷೆಯಲ್ಲಿ? ಸಿಂಹಳ ಲಿಪಿ ಕನ್ನಡದ ಹಾಗೆ ಕಾಣುತ್ತದಂತೆ, ನಿಜವೇ?* – ಶಿವಮೊಗ್ಗ

ಮೂರು ಭಾಷೆ. ಸಿಂಹಳ ಮತ್ತು ತಮಿಳು ಅಧಿಕೃತ, ಇಂಗ್ಲಿಷ್ ಕೊಂಡಿ. 1956ರಲ್ಲಿ ಸಿಂಹಳ ಮಾತ್ರ ಎಂದು ಕಾನೂನು ಮಾಡಿದ್ದರು. ತಮಿಳಿಗೂ ಅಧಿಕೃತ ಸ್ಥಾನ ಎಂದು ಸಂವಿಧಾನಕ್ಕೆ ತಿದ್ದುಪಡಿ ತಂದದ್ದು 1987ರಲ್ಲಿ. ನಡುವೆ ಆದದ್ದು, ಅದರ ನಂತರವೂ ಆದದ್ದು ನಿಮಗೆಲ್ಲ ಗೊತ್ತು. ಸಿಂಹಳದ ‘ದಿನಮಿಣ’ 1909ರದ್ದು, ತಮಿಳಿನ ‘ವೀರಕೇಸರಿ’ 1930ರದ್ದು. ದಿನಮಿಣ, ಡೈಲಿ ನ್ಯೂಸ್, ದಿನಕರನ್ ಬರುವ ಲೇಕ್ ಹೌಸ್ ಸಂಸ್ಥೆಯನ್ನು 1973ರಲ್ಲಿ ಸರಕಾರ ತನ್ನ ಕೈಗೆ ತೆಗೆದುಕೊಂಡಿತು. ಅಂದಿನಿಂದ ಯಾರು ಗೆದ್ದರೆ ಅವರ ಫೋಟೋ ಮುಖಪುಟದಲ್ಲಿ. 2022ರ ಮಾರ್ಚಿನಲ್ಲಿ ಡಾಲರ್ ಇಲ್ಲದೆ ಕಾಗದವೇ ಬರಲಿಲ್ಲ. ಖಾಸಗಿಯ ದಿ ಐಲ್ಯಾಂಡ್, ದಿವಯಿನ ಪತ್ರಿಕೆಗಳ ಶನಿವಾರದ ಮುದ್ರಣ ನಿಂತಿತು, ಪಶ್ಚಿಮ ಪ್ರಾಂತ್ಯದಲ್ಲಿ ಶಾಲಾ ಪರೀಕ್ಷೆ ಮುಂದಕ್ಕೆ ಹೋಯಿತು. ಪೆಟ್ಟಾದ ಪತ್ರಿಕೆ ಅಂಗಡಿಯವನು ಆ ದಿನಗಳ ಬಗ್ಗೆ ಹೇಳಿದ್ದು ಒಂದೇ: ಸುತ್ತಿಕೊಡಲೂ ಕಾಗದ ಇರಲಿಲ್ಲ.

ಲಿಪಿಯ ಮಾತು ನಿಜ. ಓಲೆಗರಿಯ ಮೇಲೆ ನೆಟ್ಟಗೆ ಗೀರಿದರೆ ಗರಿ ಸೀಳುತ್ತದೆ, ಅದಕ್ಕೇ ಅಲ್ಲಿಯೂ ಗುಂಡು ಗುಂಡು ಅಕ್ಷರ. ಬಸ್ಸಿನ ಕಿಟಕಿಯಿಂದ ಅಂಗಡಿ ಬೋರ್ಡು ನೋಡಿದರೆ ‘ಅರೆ, ಕನ್ನಡ!’ ಅನ್ನಿಸುತ್ತದೆ. ಬಸ್ಸು ನಿಂತ ಮೇಲೆ ಒಂದಕ್ಷರವೂ ಹತ್ತುವುದಿಲ್ಲ. ಕನ್ನಡಕ ಮರೆತು ಬಂದವನ ಸ್ಥಿತಿ. ಆದರೆ ಕಿವಿಗೆ ಸಿಗುತ್ತದೆ: ಕೃತಜ್ಞತೆಗೆ ‘ಇಸ್ತುತಿ’, ನಮ್ಮ ಸ್ತುತಿ. ಸ್ವಾಗತಕ್ಕೆ ‘ಆಯುಬೋವನ್’, ಆಯುಷ್ಯ ಇರಲಿ. ಯಾವ ಹೊಳೆಯಾದರೂ ‘ಗಂಗ’. ಕೆಳಣಿ ಗಂಗ, ಮಹವೆಲಿ ಗಂಗ.

*ಆಸ್ಪತ್ರೆ, ಶಾಲೆ ಉಚಿತವಂತೆ, ಹೌದೇ?* – ಆಶಾ ಕಾರ್ಯಕರ್ತೆ, ಬೆಳ್ತಂಗಡಿ

ಹೌದು. ಸರಕಾರಿ ಆಸ್ಪತ್ರೆಯಲ್ಲಿ ಅವರ ಪ್ರಜೆಗಳಿಗೆ ಬಿಲ್ ಇಲ್ಲ. ಶಿಕ್ಷಣ 1945ರಿಂದ, ವಿಶ್ವವಿದ್ಯಾಲಯದವರೆಗೆ, ಉಚಿತ. ಕಣ್ಣಂಗರ ಎಂಬ ಮಂತ್ರಿಯ ಹೆಸರನ್ನು ಅದಕ್ಕೇ ಇವತ್ತಿಗೂ ಗೌರವದಿಂದ ಹೇಳುತ್ತಾರೆ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲಂಕೆಯನ್ನು ಮಲೇರಿಯಾಮುಕ್ತ ಎಂದು ಘೋಷಿಸಿತು. ಮಳೆ ಬೀಳುವ, ಗದ್ದೆಯಿರುವ, ನಮ್ಮಂಥದೇ ದೇಶ! ನಿಮ್ಮಂಥವರು ಮನೆಮನೆ ಸುತ್ತಿದ್ದರ ಫಲವೇ ಅದೂ ಇರಬೇಕು. ಆಂಬುಲೆನ್ಸ್ ನಂಬರ್ 1990, ಹೆಸರು ಸುವಸೆರಿಯ. ನಮ್ಮ 108ರ ಮಾದರಿಯಲ್ಲಿ ಭಾರತದ ಅನುದಾನದಿಂದ 2016ರಲ್ಲಿ ಶುರುವಾದದ್ದು. ಪೊಲೀಸರಿಗೆ 119.

*ಮತದಾನದಲ್ಲಿ ಮೂರು ಜನರಿಗೆ ಓಟು ಹಾಕಬಹುದಂತೆ?* – ತುಮಕೂರು

ಅಧ್ಯಕ್ಷರ ಚುನಾವಣೆಯಲ್ಲಿ ಒಂದು, ಎರಡು, ಮೂರು ಎಂದು ಇಷ್ಟದ ಕ್ರಮ ಹಾಕಬಹುದು. ಯಾರಿಗೂ ಅರ್ಧ ದಾಟದಿದ್ದರೆ ಮೊದಲ ಇಬ್ಬರನ್ನು ಉಳಿಸಿಕೊಂಡು ಉಳಿದವರ ಚೀಟಿಗಳ ಮುಂದಿನ ಆಯ್ಕೆ ಎಣಿಸುತ್ತಾರೆ. ಹಾಗೆ ಎಣಿಸಬೇಕಾಗಿ ಬಂದದ್ದು 2024ರ ಸೆಪ್ಟೆಂಬರಿನಲ್ಲಿ ಮಾತ್ರ, ಅನುರ ಕುಮಾರ ದಿಸ್ಸನಾಯಕ ಗೆದ್ದಾಗ. ವಯಸ್ಕರಿಗೆಲ್ಲ ಮತ ಅವರಿಗೆ 1931ರಲ್ಲೇ ಸಿಕ್ಕಿತ್ತು, ನಮ್ಮ ಮೊದಲ ಸಾರ್ವತ್ರಿಕ ಚುನಾವಣೆಗೆ ಇಪ್ಪತ್ತು ವರ್ಷ ಮುಂಚೆ. 1960ರಲ್ಲಿ ಸಿರಿಮಾವೋ ಬಂಡಾರನಾಯಕೆ ಪ್ರಧಾನಿಯಾದರು, ಜಗತ್ತಿನಲ್ಲೇ ಮೊದಲ ಮಹಿಳೆ.

*ನಮ್ಮ ಸುಳ್ಯದ ‘ಸಿಲೋನ್ ಕಾಲೊನಿ’ಯವರು ಹೇಗೆ ಬಂದರು? ನಿಮ್ಮ ಜೊತೆಗೆ ಹೋದವರು ಅವರಲ್ಲೊಬ್ಬರೇ?* – ಸುಳ್ಯದ ಕಾಲೇಜು ವಿದ್ಯಾರ್ಥಿ

ಅವರಲ್ಲೊಬ್ಬರೇ. ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಚಹಾ ತೋಟಕ್ಕೆ ಹೋದವರ ಮಕ್ಕಳು ಮೊಮ್ಮಕ್ಕಳು ಇವರು. 1948ರ ಪೌರತ್ವ ಕಾಯ್ದೆಯಿಂದ ಇವರಲ್ಲಿ ಬಹುಪಾಲು ಜನ ಯಾವ ದೇಶದವರೂ ಅಲ್ಲ ಎಂದಾಯಿತು. 1964ರ ಅಕ್ಟೋಬರಿನಲ್ಲಿ ಸಿರಿಮಾವೋ ಮತ್ತು ನಮ್ಮ ಶಾಸ್ತ್ರಿಗಳ ನಡುವೆ ಒಪ್ಪಂದವಾಗಿ, 5,25,000 ಜನರನ್ನು ಭಾರತ, 3,00,000 ಜನರನ್ನು ಸಿಲೋನ್ ಸೇರಿಸಿಕೊಳ್ಳುವುದು ಎಂದಾಯಿತು. ಟ್ಯಾಪರಣ್ಣನ ಮನೆಯವರು ಹೊರಟಾಗ ಅವರಿಗೆ ಹನ್ನೊಂದು ವರ್ಷ. ಚಹಾ ತೋಟಗಳ ನಡುವಿನ ಊರು ಹಟ್ಟನ್‌ನಿಂದ ರೈಲು, ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗು, ಮಂಡಪಂ ಕ್ಯಾಂಪು, ಅಲ್ಲಿಂದ ಸುಳ್ಯದ ಕಾಡು ಕಡಿದು ಹಾಕಿದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟ. ಚಹಾ ಚಿಗುರು ಕಿತ್ತವರ ಮಗ ರಬ್ಬರ್ ಮರ ಗೀರಲು ಕಲಿತ. ಆ ಹಡಗಿನ ದಾರಿ ಈಗ ಇಲ್ಲ. 2023ರ ಅಕ್ಟೋಬರಿನಲ್ಲಿ ನಾಗಪಟ್ಟಣದಿಂದ ಜಾಫ್ನಾ ಬಳಿಯ ಕಾಂಕೇಸಂತುರೈಗೆ ಬೇರೊಂದು ಶುರುವಾಯಿತು, ಕಡಲು ನೋಡಿಕೊಂಡು ನಿಲ್ಲಿಸುತ್ತಾರೆ. ನಾವು ಬೆಂಗಳೂರಿನಿಂದ ವಿಮಾನದಲ್ಲೇ ಹೋದೆವು.

ಅವರು ಬಂದದ್ದು ಒಂದು ಕಾಗದಕ್ಕಾಗಿ, ಜನನ ಪತ್ರ. ಇಲ್ಲಿಯ ದಾಖಲೆಗಳಲ್ಲಿ ಅವರಿಗೆ ಮೂರು ಬೇರೆ ಬೇರೆ ಹುಟ್ಟಿದ ತಾರೀಕು ಇತ್ತು. ಲಂಕೆಯಲ್ಲಿ ತಾಲೂಕು ಕಚೇರಿಯಂಥದಕ್ಕೆ ಪ್ರಾದೇಶಿಕ ಕಾರ್ಯದರ್ಶಿ ಕಚೇರಿ ಎನ್ನುತ್ತಾರೆ, ಅದರ ಕೆಳಗೆ ನಮ್ಮ ಶಾನುಭೋಗರಂಥ ಗ್ರಾಮ ನಿಲಧಾರಿ. ದೇಶದಲ್ಲಿ ಅಂಥ 14 ಸಾವಿರಕ್ಕೂ ಹೆಚ್ಚು ವಿಭಾಗಗಳಿವೆ. ರಜೆ ಎರಡು ದಿನ ಮುಗಿದ ಮೇಲೆ ಕಚೇರಿಗೆ ಹೋದೆವು. ದಾಖಲೆಯ ನಂಬರ್ ಗೊತ್ತಿಲ್ಲದಿದ್ದರೆ ಹುಡುಕುವುದಕ್ಕೆ ಬೇರೆ ಶುಲ್ಕ. ತಂದೆಯ ಹೆಸರು, ತಾಯಿಯ ಹೆಸರು, ತೋಟದ ಹೆಸರು, ಅಂದಾಜು ವರ್ಷ ಬರೆದು ಕೊಟ್ಟೆವು. ಕೌಂಟರಿನ ಹೆಂಗಸು ತಮಿಳಿನಲ್ಲಿ ‘ತೋಟದ ಯಾವ ಡಿವಿಷನ್, ಮೇಲಿನದ್ದೋ ಕೆಳಗಿನದ್ದೋ’ ಎಂದು ಕೇಳಿದಾಗ ಟ್ಯಾಪರಣ್ಣನಿಗೆ ಮಾತೇ ಹೊರಡಲಿಲ್ಲ. ಐವತ್ತು ವರ್ಷದಲ್ಲಿ ಯಾರೂ ಅವರನ್ನು ಆ ಪ್ರಶ್ನೆ ಕೇಳಿರಲಿಲ್ಲ.

ಅಂದು ಸಿಗಲಿಲ್ಲ. ಮಧ್ಯೆ ತೋಟಕ್ಕೆ ಹೋಗಿ ಅವರ ‘ಲಯಂ’ ಹುಡುಕಿದೆವು. ಸಾಲುಮನೆಗೆ ಅಲ್ಲಿಯವರು ಹಾಗೆನ್ನುತ್ತಾರೆ. ಸಾಲು ಇತ್ತು, ಯಾವ ಬಾಗಿಲು ಎಂದು ಅವರಿಗೆ ಖಚಿತವಾಗಲಿಲ್ಲ. ಮೂರನೆಯದೋ ನಾಲ್ಕನೆಯದೋ. ಎರಡೂ ಮನೆಯವರು ಚಹಾ ಕೊಟ್ಟರು.

ಮರುದಿನ ಮಧ್ಯಾಹ್ನ ಕಾಗದ ಬಂತು. ಹುಟ್ಟಿದ್ದು 1962, ನಮ್ಮಲ್ಲಿದ್ದ ಮೂರು ತಾರೀಕಿನಲ್ಲಿ ಯಾವುದೂ ಅಲ್ಲ. ಆ ಪತ್ರದಲ್ಲಿ ತಂದೆಯ ಜನಾಂಗ ಎಂಬ ಒಂದು ಕಾಲಂ ಇರುತ್ತದೆ. ಅಲ್ಲಿ ‘ಇಂಡಿಯನ್ ತಮಿಳ್’ ಎಂದಿತ್ತು. ಟ್ಯಾಪರಣ್ಣ ಅದರ ಮೇಲೆ ಬೆರಳಿಟ್ಟು, ‘ನೋಡಿ, ಸುಳ್ಯದಲ್ಲಿ ನಾನು ಸಿಲೋನಿನವ’ ಎಂದು ನಕ್ಕರು. ಹಟ್ಟನ್ ಪೇಟೆಯಲ್ಲೇ ಅದಕ್ಕೆ ಲ್ಯಾಮಿನೇಷನ್ ಮಾಡಿಸಿದರು. ಈಗ ಅದು ಅವರ ಮನೆಯ ಗೋದ್ರೆಜ್ ಕಪಾಟಿನಲ್ಲಿ, ರೇಷನ್ ಕಾರ್ಡಿನ ಜೊತೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿದೆ.